ಜೋಡಿ ದೋಣಿಯ ಮೇಲೆ ಮಾವನ ರೇಸ್ ಕಾರು

ಆ ಕಾರು ನನ್ನ ಮೇಲೆ ನೆಗೆದದ್ದು ಈಗಲೂ ಕಣ್ಣ ಮುಂದೆ ಬರುತ್ತದೆ. ಊಟಕ್ಕೆ ಕೂತಾಗಲೂ ಬರುತ್ತದೆ. ಬೆನ್ನ ಹಿಂದೆ ತುಂಗಭದ್ರೆ, ಎದುರಿಗೆ ದೊಡ್ಡ ಕಣ್ಣಿನ ಕಾರು, ನಡುವೆ ನಾನು. ಬಿ.ಎ. ಮುಗಿಸಿದ್ದ ನನ್ನ ತಲೆಗೆ ಆಗ ಹೊಳೆದದ್ದು ಇಷ್ಟೇ: ನನಗೆ ಈಜು ಬರುವುದಿಲ್ಲ.

ಚನ್ನಗಿರಿಯಲ್ಲಿ ವಕೀಲಿ ಮಾಡುತ್ತಿದ್ದ ನನ್ನ ಸೋದರಮಾವ, ಎರಡನೇ ಮಹಾಯುದ್ಧ ಮುಗಿದ ಮೇಲೆ ಹಳೆಯ ರೇಸ್ ಕಾರೊಂದನ್ನು ಕೊಂಡಿದ್ದರು. ಮುಂದೆ ಇಬ್ಬರಿಗೆ ಜಾಗ, ಹಿಂದಿನ ಮುಚ್ಚಳ ಎತ್ತಿದರೆ ಇನ್ನೊಬ್ಬರಿಗೆ. ಓಡುವಾಗ ಅದಕ್ಕೆ ಎದುರಿಲ್ಲ. ಆದರೆ ಬಿಸಿಲೇರಿದ ಮೇಲೆ, ಕುರಿಮಂದೆ ಅಡ್ಡ ಬಂತೆಂದು ಕಾಲು ಸಡಿಲಿಸಿದರೆ ಸಾಕು, ಇಂಜಿನ್ ಕೆಮ್ಮಿ ನಿಂತುಬಿಡುತ್ತಿತ್ತು. ಆಗ ಮಾವ ಇಳಿದು ಹ್ಯಾಂಡಲ್ ತಿರುಗಿಸುವುದು, ಅತ್ತೆ ಒಳಗಿನಿಂದ ಕೀ ಹಾಕುವುದು, ತೆಗೆಯುವುದು. ಗಂಡ ಹೆಂಡತಿ ಇಬ್ಬರಿಗೂ ಇದು ಕೈಗೆ ಕೂತ ಕೆಲಸ. ಜಗಳೂರಿನ ಸಂತೆಯಲ್ಲಿ ನಿಂತ ಕಾರನ್ನು ಎತ್ತು ಕಟ್ಟಿ ಎಳೆಸಿದ ಮೇಲೆ ಅತ್ತೆ ಖಡಾಖಂಡಿತವಾಗಿ ಹೇಳಿದ್ದರು: ನ್ಯಾಮತಿಯ ತಮ್ಮ ತವರಿಗೆ ಹೋಗುವಾಗ ದಾರಿಯಲ್ಲಿ ಒಮ್ಮೆ ನಿಂತರೂ ಕಾರನ್ನು ಮಾರಬೇಕು.

ಮಾವನಿಗೆ ಕಾರೆಂದರೆ ಪ್ರಾಣ. ಹೊರಡುವ ಮುಂಚೆ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಕಾರ್ಬುರೇಟರಿನ ತಿರುಪನ್ನು ಚೆನ್ನಾಗಿ ಬಿಗಿದರು. ಈಗ ಕಾಲು ತೆಗೆದರೂ ಇಂಜಿನ್ ಭರ್ರೆನ್ನುತ್ತಲೇ ಇತ್ತು.

ಹೊನ್ನಾಳಿ ಸುತ್ತುದಾರಿಯೆಂದು ನಾವು ಮೂವರೂ ಸಾಸ್ವೆಹಳ್ಳಿ ಹತ್ತಿರ ಹೊಳೆ ದಾಟಲು ಹೋದೆವು. ಅಲ್ಲಿ ಜೋಡಿಸಿ ಕಟ್ಟಿದ ದೋಣಿಗಳ ಮೇಲೆ ಹಲಗೆ ಹಾಸಿ ಗಾಡಿ ದಾಟಿಸುತ್ತಿದ್ದರು. ಇಂಜಿನ್ ಆರಿಸಿ ಕಾರನ್ನು ನೂಕಿ ಹತ್ತಿಸುವುದು ಅಲ್ಲಿನ ವಾಡಿಕೆ. ಆರಿಸಿದರೆ ನಿಂತ ಲೆಕ್ಕಕ್ಕೆ ಬಂದೀತೆಂದು ಮಾವ ಒಪ್ಪದೆ, ಓಡಿಸಿಕೊಂಡೇ ಹತ್ತಿಸಿದರು. ದಡ ಮುಟ್ಟಿದೊಡನೆ ಇಳಿಸಬೇಕೆಂದು ಕಾರನ್ನು ಗೇರಿನಲ್ಲೇ ಬಿಟ್ಟು, ಕ್ಲಚ್ ಒತ್ತಿಕೊಂಡು ಕೂತರು. ನಾನು ಇಳಿದು, ಹೊಳೆಗೆ ಬೆನ್ನು ಮಾಡಿ ಕಾರಿನ ಮುಂದೆ ನಿಂತೆ.

ನಡುನೀರಿನಲ್ಲಿ ದೋಣಿ ಓಲಾಡಿತು, ಮಾವನ ಕಾಲು ಜಾರಿತು. ತಿರುಪು ಬಿಗಿಯದಿದ್ದರೆ ಇಂಜಿನ್ ಅಲ್ಲೇ ಆರಿಹೋಗುತ್ತಿತ್ತು. ಈಗ ಕಾರು ನೆಗೆಯಿತು. ಅಂಚಿಗಿಟ್ಟಿದ್ದ ದಿಮ್ಮಿಯ ಮೇಲೆ ಚಕ್ರ ಹತ್ತಿತು, ಬಂಪರ್ ನನ್ನ ಮೊಣಕಾಲಿಗೆ ತಾಗಿತು. ಅಷ್ಟರಲ್ಲಿ ಸದ್ದು ನಿಂತಿತು. ಅತ್ತೆಯ ಕೈ ತಾನಾಗಿ ಕೀ ತಿರುಗಿಸಿತ್ತು.

“ಅಳಿಯ ಅದಾನೇನ್ರೀ?” ಎಂದರು, ಕಣ್ಣು ಮುಚ್ಚಿಕೊಂಡೇ.

“ಅದಾರೆ ಕಣಮ್ಮ,” ಎಂದ ದೋಣಿಯವನು. “ಮಕದಾಗೆ ಬಣ್ಣ ಮಾತ್ರ ಇಲ್ಲ.”

ಆಚೆ ದಡದಲ್ಲಿ ಅತ್ತೆ ಹುಣಸೆಮರದ ಕೆಳಗೆ ಕೂತುಬಿಟ್ಟರು. “ಮೊದ್ಲು ಆ ತಿರುಪು ಇಳಸ್ರಿ. ಇಳಿಸಿದ ಮ್ಯಾಲೂ ಅದು ನಿಲ್ಲಬಾರದು. ನಿಂತ್ರೆ ನಾನು ನಡಕೊಂಡು ಹೋಗ್ತೀನಿ. ಇದನ್ನ ನೀವು ಹೊಳಿಗೆ ಬಿಡ್ರಿ.”

ಮಾವ ತಿರುಪು ಇಳಿಸಿದರು, ಇಂಜಿನ್ ನಿಂತಿತು. ಪ್ಲಗ್ಗು ಒರೆಸಿದರು, ನಿಂತಿತು. ಪೆಟ್ರೋಲಿನ ಕೊಳವೆ ಊದಿದರು, ಮತ್ತೆ ನಿಂತಿತು. ಅವರ ಮುಖ ನೋಡಲಾರದೆ ಅತ್ತೆಯೇ ಎದ್ದು ಬಂದರು. ಮೈ ಕಾದಿದೆ ಪಾಪ ಎನ್ನುತ್ತ, ಜ್ವರದವರ ಹಣೆಗೆ ಹಾಕುವ ಹಾಗೆ, ಹೊಳೆಯಲ್ಲಿ ಅದ್ದಿದ ಟವೆಲನ್ನು ಇಂಜಿನ್ನಿನ ಮೇಲಿಟ್ಟರು. ಕೆಮ್ಮು ನಿಂತು ಸದ್ದು ಹದಕ್ಕೆ ಬಂತು. ಟವೆಲ್ ಎತ್ತಿದರೆ ಮತ್ತೆ ಕೆಮ್ಮು.

ಮಾವ ಅದನ್ನು ಅಲ್ಲಿ ಇಲ್ಲಿ ಇಡಿಸಿ ನೋಡಿದರು. ಕಾರ್ಬುರೇಟರ್ ಇಂಜಿನ್ನಿಗೆ ಕೂಡುವ ಸಂದಿಯ ಮೇಲಿಟ್ಟಾಗ ಮಾತ್ರ ಗುಣ. ಅಲ್ಲಿ ಗಾಳಿ ಒಳಸೇರುತ್ತಿತ್ತು, ಒದ್ದೆ ಬಟ್ಟೆ ಅದನ್ನು ತಡೆಯುತ್ತಿತ್ತು. ಬಿಚ್ಚಿದರೆ ಒಳಗೆ ಅಡಿಕೆ ಹಾಳೆಯ ತುಂಡು, ಕಾದು ಮುರುಟಿಕೊಂಡಿತ್ತು. ಪೇಟೆಯಲ್ಲಿ ವಾಷರ್ ಸಿಗದಾಗ ಮಾವನೇ ಅದನ್ನು ಕತ್ತರಿಸಿ ಹಾಕಿ, ಕೋರ್ಟಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದರಂತೆ.

“ಉಣ್ಣೋ ಹಾಳೇನ ಇಂಜಿನ್ನಿಗೆ ಹಾಕೀರಲ್ರೀ,” ಎಂದು ಅತ್ತೆ ನಕ್ಕರು. ನನಗೂ ನಗು ಬಂತು.

ಮಾವ ಒಂದು ಚಪ್ಪಲಿಯ ಪಟ್ಟಿ ಕೊಯ್ದು, ತೂತು ಮಾಡಿ, ಗ್ರೀಸು ಸವರಿ ಕೂಡಿಸಿದರು. ತಿರುಪು ಇಳಿಸಿದ್ದರೂ ನ್ಯಾಮತಿಯವರೆಗೆ ಇಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟುತ್ತ ಬಂತು. ಮಾವ ಒಂದೇ ಚಪ್ಪಲಿಯಲ್ಲಿ ಅತ್ತೆಯ ತವರಿನ ಮೆಟ್ಟಿಲು ಹತ್ತಿದರು. ಕಾರು ಯಾವಾಗ ಮಾರುತ್ತೀರೆಂದು ಅತ್ತೆಯ ತಾಯಿ ಕೇಳಿದರು. “ಮಾರಾಕೆ ಈಗೇನಾಗೈತವ್ವ?” ಎಂದರು ಅತ್ತೆ.

ವಾಪಸಾಗುವಾಗ ಕಾರನ್ನು ನೂಕಿಯೇ ದೋಣಿ ಹತ್ತಿಸಿದೆವು. ನಾನು ಅದರ ಹಿಂದೆ ನಿಂತೆ.