ಶಾಲು ಹೊದಿಸುವ ಹೊತ್ತು

ನನ್ನದು ಫೋಟೋ ತೆಗೆಯೋ ಕೆಲಸ. ಇಂದಿರಾನಗರದ ಹೋಟೆಲೊಂದರಲ್ಲಿ ನೀರಿನ ಟ್ಯಾಂಕರ್ ಮಾಲೀಕರ ಸಂಘದವರು ಮಂತ್ರಿಯೊಬ್ಬರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಟ್ಯಾಂಕರ್ ನೀರಿಗೆ ಸರ್ಕಾರವೇ ದರ ನಿಗದಿ ಮಾಡುತ್ತದೆ ಅಂತ ಆಗ ಸುದ್ದಿ ಇತ್ತು.

ಸಂಘದ ಅಧ್ಯಕ್ಷ ಮೊದಲೇ ನನ್ನನ್ನು ಪಕ್ಕಕ್ಕೆ ಕರೆದ. "ಗುರು, ಶಾಲು ಹೊದಿಸಿದ ಮೇಲೆ ಬೇಗ ಮುಗಿಸ್ಬೇಡ. ಇನ್ನೊಂದು ಸರ್, ಇನ್ನೊಂದು ಸರ್ ಅಂತಿರು. ನಾವು ಸ್ವಲ್ಪ ಮಾತಾಡ್ಬೇಕು."

ಹಾಗೇ ಮಾಡಿದೆ. ಪೇಟ ತೊಟ್ಟು, ಹಣ್ಣಿನ ಬುಟ್ಟಿ ಹಿಡಿದು ಮಂತ್ರಿ ನಗುತ್ತಾ ನಿಂತರು. ಅಧ್ಯಕ್ಷನೂ ಕ್ಯಾಮೆರಾ ನೋಡಿ ನಗುತ್ತಲೇ, "ಈ ಬೇಸಿಗೆ ರೇಟ್ ಫಿಕ್ಸ್ ಮಾಡ್ಬೇಡಿ ಸರ್" ಅಂದ.

"ಮುಂದಿನ ವರ್ಷ ನೋಡೋಣ ಬಿಡ್ರಿ," ಅಂದರು ಮಂತ್ರಿ. ನಗು ಹಾಗೇ ಇತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಜೋಗುಪಾಳ್ಯದ ನಮ್ಮ ಬೀದಿಗೆ ಬರೋದು ಇವರದೇ ನೀರು, ಇವರು ಹೇಳಿದ್ದೇ ರೇಟು. ಅದನ್ನೇ ಹೇಳಲು ಹೋದ ನಮ್ಮ ಹೆಂಗಸರನ್ನು ಮಂತ್ರಿಯ ಪಿ.ಎ. ಗೇಟಿನಿಂದಲೇ ವಾಪಸ್ ಕಳಿಸಿದ್ದ, ಸಾಹೇಬರಿಗೆ ಟೈಮಿಲ್ಲ ಅಂತ.

ಕ್ಯಾಮೆರಾ ಇಳಿಸಿದೆ. "ಸರ್, ನಾನೂ ಆ ನೀರು ಕೊಳ್ಳೋನೇ."

ಮಂತ್ರಿಯ ನಗು ಆರಿತು. ಅಧ್ಯಕ್ಷ ನನ್ನ ಹೆಗಲು ತಟ್ಟಿ, "ಫೋಟೋ ಆಯ್ತಲ್ಲ, ಊಟ ಮಾಡ್ಕೊಂಡು ಹೊರಡು" ಅಂದ.

ಊಟ ಮಾಡದೆ ಬಂದೆ. ಎದುರು ಮನೆ ಸರೋಜಕ್ಕ ಮತ್ತೆ ಮಂತ್ರಿ ಮನೆಗೆ ಹೊರಡೋ ಮಾತಾಡುತ್ತಿದ್ದರು.

"ಅಕ್ಕಾ, ಈ ಸಲ ಮನವಿ ಗಿನವಿ ಬೇಡ," ಅಂದೆ. "ಒಂದು ಶಾಲು ತನ್ನಿ, ಹೊದಿಸಿ, ಹೇಳೋದನ್ನೆಲ್ಲಾ ಹೇಳಿ. ನಾನು ಫೋಟೋ ತೆಗೀತಿರೋವರೆಗೂ ಆ ಮನುಷ್ಯ ಜಾಗ ಬಿಟ್ಟು ಕದಲಲ್ಲ."