ಹೆಸರಿನ ಕೊನೆಗೊಂದು ಜಾಗ

ಮೊನ್ನೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತಿದ್ದೆ. ಹಳೇ ಕಂಪ್ಯೂಟರ್ ಕಾದು, ಧೂಳು ಸುಟ್ಟ ವಾಸನೆ ಬಂತು. ಚಳ್ಳಕೆರೆಯ ಹೆಣ್ಣುಮಕ್ಕಳ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಮೇಡಂ ನೆನಪಾದರು...

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯ್ದೂ ನೇಯ್ದೂ ಕಣ್ಣು ಮಂಜಾದ ಮೇಲೆ ನಾನು ಆ ಲ್ಯಾಬಿನಲ್ಲಿ ಕಸ ಗುಡಿಸುತ್ತಿದ್ದೆ. ಮೇಡಂ ಸಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಕೆಲಸ ಖಾಯಂ ಆಗಿರಲಿಲ್ಲ. ಪ್ರೋಗ್ರಾಂ ಕೈಕೊಟ್ಟಾಗಲೆಲ್ಲ ಅದನ್ನು ನನಗೇ ವಿವರಿಸುತ್ತಿದ್ದರು. ಬಾಯಿಬಿಟ್ಟು ಹೇಳಿದರೆ ತಪ್ಪು ತಾನೇ ಸಿಗುತ್ತದಂತೆ. ನಾನು ಹೂಂ ಅನ್ನುತ್ತಿದ್ದೆ, ಅಷ್ಟೇ.

ಒಂದು ದಿನ ಹೊರಗಿನಿಂದ ಪರೀಕ್ಷಕರು ಬಂದಿದ್ದರು. ಮೇಡಂ ಬರೆದ ಪ್ರೋಗ್ರಾಂ ಅವರೆದುರು ಓಡಿದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಲ್ಲ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ಹುಡುಗಿಯರ ಹೆಸರನ್ನು ಒಂದೊಂದಾಗಿ ಅಳೆದು, ಮೆಮೊರಿಯಲ್ಲಿ ಅಷ್ಟು ಜಾಗ ಕೇಳಿ ಪಡೆದು, ಅಲ್ಲಿ ಹೆಸರಿನ ನಕಲು ಇಡುವ ಪ್ರೋಗ್ರಾಂ ಅದು. ಸಣ್ಣ ಹೆಸರುಗಳು ಹೇಗೋ ಕೂತವು. ಒಂದು ಉದ್ದನೆಯ ಹೆಸರಿಗೆ ಎಲ್ಲವೂ ನಿಂತುಹೋಯಿತು. ಮತ್ತೆ ಓಡಿಸಿದರು, ಮತ್ತೆ ಅಲ್ಲೇ ನಿಂತಿತು. ಪರೀಕ್ಷಕರು ಗಡಿಯಾರ ನೋಡಿದರು. ಮೇಡಂ ರೂಢಿಯಂತೆ ನನ್ನ ಕಡೆ ತಿರುಗಿ ಪಿಸುಗುಟ್ಟಿದರು.

"ಇಂಗ್ಲಿಷಲ್ಲಿ ಇಪ್ಪತ್ನಾಲ್ಕು ಅಕ್ಷರ ಅಜ್ಜಿ, ಇಪ್ಪತ್ನಾಲ್ಕು ಜಾಗ ಕೇಳಿದೀನಿ. ಅಕ್ಷರ ಎಲ್ಲಾ ತುಂಬಿದ ಮೇಲೆ, ಹೆಸರು ಮುಗೀತು ಅನ್ನೋಕೆ ಕೊನೇಲಿ ಒಂದು ಸೊನ್ನೆ..."

ಮಗ್ಗದ ಮನೆಯಲ್ಲಿ ತಪ್ಪು ಕಂಡವರು ಕೂಗಬೇಕು. ತಡ ಮಾಡಿದರೆ ಎಳೆ ಹರಿಯುತ್ತದೆ. ಅಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ. ನಾನೂ ಕೂಗಿಬಿಟ್ಟೆ.

"ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕೇ ಕೇಳಿದ್ರೆ ಆ ಸೊನ್ನೆ ಎಲ್ಲಿ ಕೂತ್ಕೊಳ್ತೈತವ್ವ? ಎಳೆ ಕತ್ತರಿಸುವಾಗ ಗಂಟಿಗೆ ಅಂತ ಒಂದು ಬೆರಳು ಜಾಸ್ತಿ ಬಿಡಲ್ವಾ?"

ಮೇಡಂ ಒಂದು ಸೇರಿಸಿದರು. ಪ್ರೋಗ್ರಾಂ ಓಡಿತು. ಎಲ್ಲ ಹೆಸರೂ ಬಂದವು.

ಪರೀಕ್ಷಕರ ಪಕ್ಕ ನಿಂತಿದ್ದ ಪ್ರಿನ್ಸಿಪಾಲರು ನಕ್ಕರು. "ಏನ್ ಮೇಡಂ, ಕಸ ಗುಡಿಸೋ ಅಜ್ಜಿ ಹತ್ರ ಟ್ಯೂಷನ್ನಾ?"

ಪರೀಕ್ಷಕರೂ ನಕ್ಕರು, ಹುಡುಗಿಯರೂ ನಕ್ಕರು. ಕೆಲಸವೇನೋ ಉಳಿಯಿತು. ಆದರೆ ಮಾರನೇ ದಿನದಿಂದ ಮೇಡಂ ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ "ಅಜ್ಜೀನ ಕರೀರಿ ಮೇಡಂ" ಅಂತ ದನಿ. ತಿಂಗಳು ತಡೆದರು. ಆಮೇಲೆ ತಾವೇ ಕೆಲಸ ಬಿಟ್ಟರು.

ಹೊರಟ ದಿನ ಬಾಗಿಲಲ್ಲಿ ನಿಂತು, "ನೀವು ಹೇಳಿದ್ದು ಸರೀನೇ ಅಜ್ಜಿ. ಮೆಲ್ಲಗೆ ಹೇಳಬೇಕಿತ್ತು" ಅಂದರು.

"ಮೆಲ್ಲಗೆ ಹೇಳೋದು ನನಗೆ ಬರಲ್ಲವ್ವ" ಅಂದೆ. ಅದನ್ನೂ ಜೋರಾಗಿಯೇ ಅಂದೆ.

ಈಗ ಎಲ್ಲಿದ್ದಾರೋ... ಕೇಳಿದರೆ ಹೇಳುವವರಿಲ್ಲ. ಅವರಾದ ಮೇಲೆ ಇನ್ನಿಬ್ಬರು ಬಂದು ಹೋದರು. ನಾನು ಗುಡಿಸಲು ಹೋದರೆ ಕಾಲೆತ್ತಿ ಕೂರುತ್ತಿದ್ದರು, ಮಾತಾಡುತ್ತಿರಲಿಲ್ಲ.