ಡಿಸ್ಕ್ ಕಿತ್ತರೂ ಕಣ್ಣು ಬಿಟ್ಟ ಕಂಪ್ಯೂಟರುಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಾಚನಾಲಯದ ಹಿಂದಿನ ಕೋಣೆಯಲ್ಲಿ ಪೆನ್ನಕ್ಕ ಒಬ್ಬರೇ ಕೂತಿದ್ದಾರೆ. "ಟೈಲರಮ್ಮನ ನೀಲಿ ಪೆನ್ನು, ಹದಿನಾರು ಜಿಬಿ," ಎಂದು ಗೋಡೆಗೆ ಕೇಳಿಸುವಂತೆ ಹೇಳುತ್ತಾರೆ. ಪರದೆಯೂ ಹದಿನಾರು ಎನ್ನುತ್ತಿದೆಯೇ ಎಂದು ಬಗ್ಗಿ ನೋಡಿ, ಆಮೇಲಷ್ಟೇ ಗುಂಡಿ ಒತ್ತುತ್ತಾರೆ. ಪೆನ್ ಡ್ರೈವಿನ ತುದಿಯ ಪುಟ್ಟ ದೀಪ ಮಿನುಗತೊಡಗುತ್ತದೆ.

ಇಂದು ಅವಸರವಿದೆ. ವಾಚನಾಲಯಗಳ ಕೇಂದ್ರ ಕಚೇರಿಯ ಮೇಲ್ವಿಚಾರಕರು ಲಾರಿ ತರುವ ದಿನ ಇದು. ಕೆಟ್ಟು ನಿಂತ ಕಂಪ್ಯೂಟರುಗಳನ್ನು ಗುಜರಿಗೆ ಸಾಗಿಸಿ, ಕೋಣೆಯನ್ನು ಗೋದಾಮಿಗೆ ಕೊಡಬೇಕೆಂದು ಆದೇಶ. ಕಂಪ್ಯೂಟರುಗಳೇನೂ ತಾವಾಗಿ ಕೆಟ್ಟವಲ್ಲ. ಮಾಹಿತಿಯ ಭದ್ರತೆ ಎಂಬ ನೆಪದಲ್ಲಿ ಕಚೇರಿಯವರೇ ಬಂದು ಎಲ್ಲದರ ಹಾರ್ಡ್ ಡಿಸ್ಕ್ ಕಿತ್ತುಕೊಂಡು ಹೋಗಿದ್ದಾರೆ. ಕೈಕಾಲು ಕಟ್ಟಿ ಹಾಕಿ, ಓಡಲು ಬಾರದವನು ಎಂದು ಬರೆದುಕೊಳ್ಳುವ ನ್ಯಾಯ ಇದು.

ಕೋಣೆಯ ಕಸ ಗುಡಿಸಿ, ಬೀಗ ತೆಗೆಯುವುದು, ಹಾಕುವುದು ಪೆನ್ನಕ್ಕನ ಕೆಲಸ. ಅದಕ್ಕೂ ಮೊದಲು ಜೆರಾಕ್ಸ್ ಅಂಗಡಿಯಲ್ಲಿದ್ದರು. ಅಲ್ಲಿಗೆ ಬರುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಪೆನ್ ಡ್ರೈವ್ ಸಿಕ್ಕಿಸಿ, ಅದರಿಂದಲೇ ಇಡೀ ಕಂಪ್ಯೂಟರ್ ಎಬ್ಬಿಸುವುದನ್ನು ಕಂಡಿದ್ದರು. ಕಂಪ್ಯೂಟರನ್ನು ನಡೆಸುವ, ದುಡ್ಡು ಕೊಡಬೇಕಿಲ್ಲದ ತಂತ್ರಾಂಶ ಲಿನಕ್ಸ್‌ನ ಹೆಸರು ಕಿವಿಗೆ ಬಿದ್ದದ್ದು ಆಗಲೇ. ಡಿಸ್ಕ್ ಹೋದ ಮೇಲೆ ಅದು ನೆನಪಾಯಿತು.

"ಮೊದಮೊದಲು ಲಿನಕ್ಸ್ ಫೈಲನ್ನ ಹಂಗೇ ಎಳೆದು ಪೆನ್ನಿಗೆ ಹಾಕ್ತಿದ್ದೆ. ಹಾಡು ಹಾಕಿದ ಹಾಗೆ," ಎಂದು ನಗುತ್ತಾರೆ. "ಕಂಪ್ಯೂಟರ್ ತಿರುಗಿಯೂ ನೋಡ್ತಿರಲಿಲ್ಲ. ಆಮೇಲೆ ಗೊತ್ತಾಯ್ತು, ಇದನ್ನ ಕಾಪಿ ಮಾಡೋದಲ್ಲ, ಪೆನ್ನಿನ ಮೇಲೆ ಮೊದಲಿಂದ ಬರೀಬೇಕು ಅಂತ. ಬರೆಯೋವಾಗ ಅದರಲ್ಲಿ ಇದ್ದದ್ದೆಲ್ಲ ಅಳಿಸಿ ಹೋಗುತ್ತೆ."

ಅಳಿಸಿ ಹೋಗುವುದು ಎಂದರೇನೆಂದು ಅವರ ನಾದಿನಿಯನ್ನು ಕೇಳಬೇಕು. ಎರಡು ಪೆನ್ನು ಒಟ್ಟಿಗೆ ಸಿಕ್ಕಿಸಿ, ಪರದೆಯಲ್ಲಿ ತಪ್ಪು ಹೆಸರು ಒತ್ತಿ, ಆಕೆಯ ಮದುವೆಯ ವಿಡಿಯೋ ಇದ್ದ ಪೆನ್ನಿನ ಮೇಲೆ ಪೆನ್ನಕ್ಕ ಲಿನಕ್ಸ್ ಬರೆದುಬಿಟ್ಟರು. ಆ ಮಳೆಗಾಲ ಪೂರ್ತಿ ನಾದಿನಿ ಮುಖ ಊದಿಸಿಕೊಂಡೇ ಇದ್ದಳು. "ಗಂಡನಾದರೂ ಉಳಿದಿದ್ದಾನಲ್ಲ ಅಂದೆ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು," ಎನ್ನುತ್ತಾರೆ. ಯಾರ ಪೆನ್ನು, ಯಾವ ಬಣ್ಣ, ಎಷ್ಟು ಜಿಬಿ ಎಂದು ಬಾಯಿಬಿಟ್ಟು ಹೇಳಿ ಬರೆಯುವ ಅಭ್ಯಾಸ ಅಂದಿನಿಂದ ಬಂದದ್ದು.

ಈಗ ಬೀದಿಯ ಅನೇಕರ ಜೇಬಿನಲ್ಲಿ ಅವರು ಬರೆದ ಪೆನ್ನಿದೆ. ಪೆನ್ನಕ್ಕ ಎಂಬ ಹೆಸರು ಬಂದದ್ದೂ ಅದರಿಂದಲೇ. ಕೋಣೆಗೆ ಬಂದು ಸಿಕ್ಕಿಸಿದರೆ ಕಂಪ್ಯೂಟರ್ ಏಳುತ್ತದೆ, ಅವರವರ ಕಡತ ಅವರವರ ಪೆನ್ನಿನಲ್ಲೇ ಉಳಿಯುತ್ತದೆ. ನಿವೃತ್ತ ಬಸ್ ಡ್ರೈವರ್ ತಮಗೆ ಬರಬೇಕಾದ ಪಿಂಚಣಿಗಾಗಿ ಇಲ್ಲಿಂದಲೇ ಜಗಳ ಕಾಯುತ್ತಿದ್ದಾರೆ. ಟೈಲರಮ್ಮ ಹೊಸಬರು, ಬಟ್ಟೆಯ ನಕ್ಷೆ ಬಿಡಿಸಲು ಕಲಿಯಬೇಕಂತೆ.

ನೀಲಿ ಪೆನ್ನಿನ ಬರಹ ಮುಗಿಯುವ ಮೊದಲೇ ಹೊರಗೆ ಲಾರಿ ನಿಲ್ಲುತ್ತದೆ. ಕೋಣೆ ತೆರೆಯುವ ಹೊತ್ತಿಗಿಂತ ಮುಂಚೆಯೇ ಮೇಲ್ವಿಚಾರಕರು ಒಳಗೆ ಬಂದು, ನೇರ ಮುಖ್ಯ ಸ್ವಿಚ್ಚಿನ ಕಡೆ ಕೈ ಚಾಚುತ್ತಾರೆ.

"ಅದನ್ನ ಮುಟ್ಟಬೇಡಿ," ಪೆನ್ನಕ್ಕ ಎದ್ದು ಅಡ್ಡ ನಿಲ್ಲುತ್ತಾರೆ. "ದೀಪ ಮಿನುಗ್ತಿದೆ. ಈಗ ಕರೆಂಟು ತೆಗೆದರೆ ಪೆನ್ನು ಅರ್ಧಕ್ಕೇ ನಿಲ್ಲುತ್ತೆ."

"ನನಗೆ ಆದೇಶ ಇದೆ."

"ಆದೇಶದಲ್ಲಿ ಕೆಟ್ಟಿರೋದನ್ನ ತಗೊಂಡು ಹೋಗಿ ಅಂತ ಇದೆ. ಇದು ಕೆಲಸ ಮಾಡ್ತಾ ಇದೆ. ಮುಗಿಯೋವರೆಗೂ ಕೂತ್ಕೊಳ್ಳಿ."

ಅವರು ಕೂರುವುದಿಲ್ಲ, ಸ್ವಿಚ್ಚನ್ನೂ ಒತ್ತುವುದಿಲ್ಲ. ಹೆಬ್ಬೆರಳುಗಾತ್ರದ ಪೆನ್ನಿನ ದೀಪವನ್ನು ದುರುಗುಟ್ಟುತ್ತ ನಿಲ್ಲುತ್ತಾರೆ. ಪರದೆ ನೂರಕ್ಕೆ ನೂರು ಎಂದ ಮೇಲೂ ದೀಪ ಮಿನುಗುತ್ತಲೇ ಇದೆ. "ಪರದೆ ಸುಳ್ಳು ಹೇಳುತ್ತೆ, ದೀಪ ಹೇಳಲ್ಲ," ಎಂದ ಪೆನ್ನಕ್ಕ ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಅಷ್ಟು ಹೊತ್ತಿನಲ್ಲಿ ಲಾರಿಯ ಸದ್ದು ಕೇಳಿ ಪಿಂಚಣಿಯ ಡ್ರೈವರಣ್ಣ ಬರುತ್ತಾರೆ. ಹಿಂದೆಯೇ ಟೈಲರಮ್ಮ, ಅವರ ಹಿಂದೆ ಇನ್ನಷ್ಟು ಜನ. ಯಾರೂ ಕೂಗಾಡುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಕಂಪ್ಯೂಟರಿನ ಮುಂದೆ ಕೂತು ತಮ್ಮ ಪೆನ್ನು ಸಿಕ್ಕಿಸುತ್ತಾರೆ. ದೀಪ ನಿಂತ ಮೇಲೆ ನೀಲಿ ಪೆನ್ನು ಟೈಲರಮ್ಮನ ಕೈಗೆ ಹೋಗುತ್ತದೆ. ಉಳಿದಿದ್ದ ಕೊನೆಯ ಪರದೆಯೂ ಕಣ್ಣು ಬಿಡುತ್ತದೆ.

ಮೇಲ್ವಿಚಾರಕರು ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು ನೋಡುತ್ತಾರೆ. ಹೊರೆಯಾಳುಗಳು ಬಾಗಿಲಲ್ಲೇ ನಿಂತಿದ್ದಾರೆ, ಎತ್ತಲು ಏನೂ ಇಲ್ಲ. ಕಡೆಗೆ, "ಪೆನ್ ಡ್ರೈವ್ ತರಬಾರದು ಅಂತ ಮುಂದಿನ ಸಲ ಆದೇಶ ತರ್ತೀನಿ," ಎಂದು ಹೇಳಿ ಹೊರಡುತ್ತಾರೆ.

"ತನ್ನಿ. ಅಷ್ಟರಲ್ಲಿ ಇನ್ನೊಂದಷ್ಟು ಜನಕ್ಕೆ ಬರೆದು ಕೊಟ್ಟಿರ್ತೀನಿ," ಎನ್ನುತ್ತಾರೆ ಪೆನ್ನಕ್ಕ.

ಲಾರಿ ಖಾಲಿ ಹೋಗುತ್ತದೆ. ಹೆದರಿಕೆ ಆಗಲಿಲ್ಲವೇ ಎಂದರೆ, ಆಯಿತು ಎನ್ನುತ್ತಾರೆ. ಈ ಕೆಲಸಕ್ಕೆ ಪ್ರತಿಯಾಗಿ ಏನಾದರೂ ಬೇಕೆನಿಸುತ್ತದೆಯೇ ಎಂಬ ಪ್ರಶ್ನೆಗೆ ಪೊರಕೆ ಕೈಗೆತ್ತಿಕೊಳ್ಳುತ್ತಲೇ ಉತ್ತರಿಸುತ್ತಾರೆ.

"ನನಗೇನು ಬೇಕು. ಬೀಗ ಹಾಕೋಕೆ ಬಂದವರಿಗೆ, ಒಳಗೆ ಕೂತವರನ್ನ ಎಬ್ಬಿಸೋ ಧೈರ್ಯ ಬರಬಾರದು. ಅಷ್ಟೆ."